ರೂಸೋಗೆ ಸರ್ಕಾರ ಬೇಡವಾಗಿತ್ತಾ?

ಪ್ರಶ್ನೆ: ಸರ್, ಮನುಷ್ಯ ಹುಟ್ಟಾ ಒಳ್ಳೆಯವನು, ಸಮಾಜವೇ ಅವನನ್ನು ಕೆಡಿಸುತ್ತದೆ ಎಂದು ಹದಿನೆಂಟನೇ ಶತಮಾನದ ತತ್ವಜ್ಞಾನಿ ರೂಸೋ ಹೇಳಿದ್ದಾನೆ ಅಂತ ಕ್ಲಾಸಿನಲ್ಲಿ ನೋಟ್ಸ್ ಕೊಟ್ಟರು. ಹಾಗಾದರೆ ಅವನಿಗೆ ಸರ್ಕಾರವೂ ಬೇಡ, ಧರ್ಮವೂ ಬೇಡ ಅಂತಲೇ ಅಲ್ವಾ?
– ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಲ್ಲ. ಅವನಿಗೆ ಎರಡೂ ಬೇಕಿತ್ತು.

ಒಂಟಿಯಾಗಿ ಅಲೆಯುತ್ತಿದ್ದ ಆದಿಮಾನವನಿಗೆ ಜೀವ ಉಳಿಸಿಕೊಳ್ಳುವ ಆಸೆ ಇತ್ತು, ಇನ್ನೊಬ್ಬರು ನರಳಿದರೆ ಮರುಕವಿತ್ತು, ಒಳ್ಳೇದು ಕೆಟ್ಟದ್ದರ ಲೆಕ್ಕ ಇನ್ನೂ ಬಂದಿರಲಿಲ್ಲ ಅಂತ ಅಸಮಾನತೆಯ ಮೂಲ ಕುರಿತ 1755ರ ತನ್ನ ಪ್ರಬಂಧದಲ್ಲಿ ರೂಸೋ ಬರೆಯುತ್ತಾನೆ. ಜನ ಒಟ್ಟಿಗೆ ಬಾಳತೊಡಗಿದ ಮೇಲೆ ನಾನು ಹೆಚ್ಚೋ ಅವನು ಹೆಚ್ಚೋ ಎಂಬ ಹೋಲಿಕೆ ಶುರುವಾಯಿತು. ಯಾರೋ ಒಬ್ಬ ನೆಲಕ್ಕೆ ಬೇಲಿ ಹಾಕಿ ‘ಇದು ನಂದು’ ಅಂದ, ಉಳಿದವರು ನಂಬಿದರು. ಆದರೆ ಕಾಡಿಗೆ ವಾಪಸ್ ಹೋಗೋಣ ಅಂತ ರೂಸೋ ಹೇಳಲಿಲ್ಲ.

1762ರ ‘ಸಾಮಾಜಿಕ ಒಪ್ಪಂದ’ ಎಂಬ ಪುಸ್ತಕದಲ್ಲಿ ಅವನು ಹುಡುಕಿದ್ದು ಬೇರೆ ದಾರಿ. ಕಾನೂನನ್ನು ಜನರೇ ಸೇರಿ ಮಾಡಬೇಕು. ನಿಮ್ಮ ಪಠ್ಯದ ‘ಸಾರ್ವತ್ರಿಕ ಇಚ್ಛೆ’ ಇದೇ. ಭದ್ರಾ ನಾಲೆಯನ್ನೇ ನೋಡಿ. ಮೇಲ್ಭಾಗದ ಪ್ರತಿಯೊಬ್ಬ ರೈತನಿಗೂ ತನ್ನ ಗದ್ದೆಗೆ ಜಾಸ್ತಿ ನೀರು ಬೇಕು. ಅವರೆಲ್ಲರ ಆಸೆ ಕೂಡಿಸಿದರೆ ಕೊನೆ ಭಾಗದವರಿಗೆ ಹನಿಯೂ ಮುಟ್ಟುವುದಿಲ್ಲ. ನಾಲೆ ಎಲ್ಲರದ್ದು ಅಂತ ಕೂತು, ಎಲ್ಲರಿಗೂ ಒಂದೇ ಆಗಿರುವ ಸರದಿ ನಿಯಮ ಮಾಡಿದರೆ, ಆ ನಿಯಮ ಪಾಲಿಸುವವನು ಯಾರ ಆಳೂ ಅಲ್ಲ. ತಾನೇ ಮಾಡಿದ ಮಾತಿಗೆ ತಾನೇ ನಡೆಯುವುದು ರೂಸೋ ಪ್ರಕಾರ ಸ್ವಾತಂತ್ರ್ಯ. ಇಂಗ್ಲೆಂಡಿನ ಜನ ಸ್ವತಂತ್ರರಾಗಿರುವುದು ಪಾರ್ಲಿಮೆಂಟ್ ಚುನಾವಣೆಯ ಹೊತ್ತಿನಲ್ಲಿ ಮಾತ್ರ, ಓಟು ಮುಗಿದ ಕೂಡಲೇ ಗುಲಾಮರು ಎಂದೂ ಬರೆದ. ಗ್ರಾಮಸಭೆಗೆ ಜನ ಬಾರದೆ ಸುಮ್ನೆ ಸಹಿ ಹಾಕಿಸಿ ಮುಗಿಸುವ ಊರುಗಳನ್ನು ಕಂಡಾಗೆಲ್ಲ ನನಗೆ ಈ ಮಾತು ಚುಚ್ಚುತ್ತದೆ.

ಇನ್ನು ಧರ್ಮ. ಪೌರರಿಗೆಲ್ಲ ಒಂದು ಸರಳ ನಂಬಿಕೆ ಇರಲಿ ಅಂದ: ದೇವರಿದ್ದಾನೆ, ಸತ್ತ ಮೇಲೂ ಬದುಕಿದೆ, ಒಳ್ಳೆಯವರಿಗೆ ಸುಖ, ಕೆಟ್ಟವರಿಗೆ ಶಿಕ್ಷೆ, ಒಪ್ಪಂದವೂ ಕಾನೂನೂ ಪವಿತ್ರ, ಪರಧರ್ಮ ದ್ವೇಷ ಕೂಡದು. ಕೊನೆಯದ್ದು ಎಷ್ಟು ಒಳ್ಳೆಯ ಮಾತು! ಆದರೆ ಇದನ್ನು ನಂಬದವರನ್ನು ರಾಜ್ಯದಿಂದ ಹೊರಗಟ್ಟಬಹುದು, ಒಪ್ಪಿಕೊಂಡು ಆಮೇಲೆ ನಂಬದವರಂತೆ ನಡೆದರೆ ಮರಣದಂಡನೆ ಅಂತಲೂ ಸೇರಿಸಿದ. ಇದನ್ನು ನಾನು ಖಂಡಿತ ಒಪ್ಪಲಾರೆ. ಅದೇ ವರ್ಷ ‘ಎಮಿಲಿ’ ಎಂಬ ಶಿಕ್ಷಣದ ಪುಸ್ತಕದಲ್ಲಿ ಧರ್ಮದ ಬಗ್ಗೆ ಬರೆದದ್ದಕ್ಕೆ ಅವನೇ ಫ್ರಾನ್ಸ್ ಬಿಟ್ಟು ಓಡಬೇಕಾಯಿತು, ಹುಟ್ಟೂರು ಜಿನೀವಾದಲ್ಲಿ ಎರಡೂ ಪುಸ್ತಕ ಸುಟ್ಟರು. ಮನಸ್ಸಿನೊಳಗಿನ ನಂಬಿಕೆ ಸರ್ಕಾರದ ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಪೌರರ ನಂಬಿಕೆಯ ಆ ಮಾತು ‘ಸಾಮಾಜಿಕ ಒಪ್ಪಂದ’ದ ನಾಲ್ಕನೇ ಭಾಗದ ಎಂಟನೇ ಅಧ್ಯಾಯದಲ್ಲಿದೆ. ನೋಟ್ಸ್ ಬದಿಗಿಟ್ಟು ನೀವೇ ಓದಿ. ನನ್ನ ಮಾತು ಸರಿಯಿಲ್ಲ ಅನಿಸಿದರೆ ಮತ್ತೆ ಬರೆಯಿರಿ.