ಪ್ರೊಬೇಷನ್‌ನಲ್ಲಿದ್ದಾಗ ಕೆಲಸ ಬಿಟ್ಟರೆ ನೋಟಿಸ್ ಪೀರಿಯಡ್ ಮುಗಿಸಲೇಬೇಕಾ?

ಸೇರಿ ಮೂರು ತಿಂಗಳಾಗಿದೆ, ಇನ್ನೂ ಪ್ರೊಬೇಷನ್ (ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ), ನಾಳೆಯೇ ಬಿಡಬಹುದಾ ಎಂದು ಕೇಳಿದ್ದೀರಿ. ಬಿಡುವ ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಉತ್ತರ ಇರುವುದು ಅಲ್ಲೇ.

ಎಷ್ಟೋ ಪತ್ರಗಳಲ್ಲಿ ಪ್ರೊಬೇಷನ್‌ಗೆ ಬೇರೆ, ಕನ್ಫರ್ಮ್ ಆದ ಮೇಲೆ ಬೇರೆ ನೋಟಿಸ್ ಅವಧಿ, ಅಂದರೆ ಬಿಡುತ್ತೇನೆ ಎಂದು ತಿಳಿಸಿದ ಮೇಲೂ ಕೆಲಸ ಮಾಡಬೇಕಾದ ದಿನಗಳು, ಇರುತ್ತದೆ. ಎಚ್‌ಆರ್ (ಸಿಬ್ಬಂದಿ ವಿಭಾಗ) ಬಾಯಿಮಾತಿನಲ್ಲಿ 60 ದಿನ ಅಂದರೂ ಪತ್ರದಲ್ಲಿ 15 ದಿನ ಅಂತಿದ್ದರೆ 15 ದಿನವೇ. ಸುಮ್ನೆ ಹೆದರಬೇಡಿ.

ಅಷ್ಟು ದಿನ ಇರಲು ಆಗದಿದ್ದರೆ, ಬದಲಿಗೆ ಸಂಬಳ ಕಟ್ಟಿ ಹೊರಡಬಹುದು ಎಂಬ ಷರತ್ತು ಇದೆಯಾ ನೋಡಿ. ಅದು ಮೂಲ ವೇತನದ ಲೆಕ್ಕವೋ ಪೂರ್ತಿ ಸಂಬಳದ್ದೋ ಎಂಬುದೂ ಮುಖ್ಯ. ತಿಂಗಳಿಗೆ 30,000 ಪೂರ್ತಿ ಸಂಬಳ, 12,000 ಮೂಲ ವೇತನ ಇದ್ದರೆ, 15 ದಿನಕ್ಕೆ ಒಂದು ಲೆಕ್ಕದಲ್ಲಿ 15,000, ಇನ್ನೊಂದರಲ್ಲಿ 6,000. ವ್ಯತ್ಯಾಸ ಜಾಸ್ತಿ ಅಲ್ವಾ?

ನಿಮ್ಮನ್ನು ಬಲವಂತವಾಗಿ ದುಡಿಸಲು ಯಾರಿಗೂ ಆಗುವುದಿಲ್ಲ. ಇಂಥ ಒಪ್ಪಂದವನ್ನು ಕೋರ್ಟು ಕೂಡ ಹಾಗೆ ಜಾರಿ ಮಾಡಿಸುವುದಿಲ್ಲ. ಪರಿಹಾರದ ಹಣ ಕೇಳಬಹುದು. ಆದರೆ 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅದು ನ್ಯಾಯವಾದ ಮೊತ್ತವಾಗಿರಬೇಕು, ಒಪ್ಪಂದದಲ್ಲಿ ಬರೆದಿದ್ದನ್ನು ಮೀರಬಾರದು.

ಆದರೂ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಬೇಡಿ. ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂದು ಕಂಪನಿ ಕೊಡುವ ರಿಲೀವಿಂಗ್ ಲೆಟರ್ ಸಿಗದೆ ಮುಂದಿನ ಕಡೆ ಪರದಾಡುತ್ತೀರಿ. ಇವತ್ತೇ ರಾಜೀನಾಮೆಯ ಇಮೇಲ್ ಕಳಿಸಿ, ಕೊನೆಯ ದಿನಾಂಕ ಬರೆಯಿರಿ, ಒಂದು ಪ್ರತಿ ನಿಮ್ಮ ಸ್ವಂತ ಇಮೇಲ್‌ಗೂ ಹಾಕಿಕೊಳ್ಳಿ. ಪಿಎಫ್ ಹಣ ನಿಮ್ಮದೇ, ಅದನ್ನು ಹಳೆ ಕಂಪನಿ ತಡೆಯುವಂತಿಲ್ಲ.