ತಗ್ಗಿಸಿದ ಕಾರಿನಲ್ಲಿ ಟೈರಿನ ಒಳಅಂಚಿನ ಸವೆತ
ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ ಬಳಿಕ ಮುಂದಿನ ಟೈರುಗಳ ಒಳಅಂಚು ಮಾತ್ರ ಸವೆಯುತ್ತಿರುವುದಕ್ಕೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕಾರಣವೇ ಎಂದು ಕೇಳಿದ್ದೀರಿ. ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು ನಿಜವಾದರೂ ಟೈರನ್ನು ಬೇಗ ತಿನ್ನುವುದು ಸಾಮಾನ್ಯವಾಗಿ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ದೋಷವೇ. ಕಾರು ತಗ್ಗಿದಾಗ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಮತ್ತು ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಕೋನ ಬದಲಾಗಿ ಟೋ ಕೆಡುತ್ತದೆ, ಆಗ ಟೈರು ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜುತ್ತಾ ಸಾಗುತ್ತದೆ. ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್‌ಗೆ ಮುನ್ನ, ಮೆಕ್ಯಾನಿಕ್‌ಗಳೂ ಹಲವು ಬಾರಿ ಮರೆಯುವ ಕೆಲಸವೊಂದಿದೆ: ಕಂಟ್ರೋಲ್ ಆರ್ಮ್‌ನ ಕೀಲಿನಲ್ಲಿ ಮೆತ್ತೆಯಂತಿರುವ ರಬ್ಬರ್ ಬುಶ್‌ಗಳ ಬೋಲ್ಟುಗಳನ್ನು ಸಡಿಲಿಸಿ, ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಮರಳಿ ಬಿಗಿಯಬೇಕು, ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅನಂತರ ಮೊದಲು ಕ್ಯಾಂಬರ್, ಕೊನೆಗೆ ಟೋ ಸರಿಪಡಿಸಿಕೊಳ್ಳಿ, ಏಕೆಂದರೆ ಕ್ಯಾಂಬರ್ ಬದಲಿಸಿದರೆ ಟೋ ಸಹ ಬದಲಾಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನೇ ಉಳಿಸಿಕೊಂಡಿದ್ದರೆ ಅವುಗಳಿಂದ ಎಣ್ಣೆ ಸೋರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ.