ಎಚ್‌ಐವಿ ಟೆಸ್ಟ್ ‘ರಿಯಾಕ್ಟಿವ್’ ಅಂತ ಬಂದಿದೆ, ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಲಿ?

ಗಾಬರಿಯಾಗಬೇಡಿ. ಪ್ರೈವೇಟ್ ಲ್ಯಾಬಿನಲ್ಲಿ ಒಂದು ಟೆಸ್ಟ್ ರಿಯಾಕ್ಟಿವ್ ಬಂದಿದೆ ಅಂತ ಬರೆದಿದ್ದೀರಿ. ರಿಯಾಕ್ಟಿವ್ ಅಂದರೆ ಎಚ್‌ಐವಿ ಇರಬಹುದು ಅನ್ನುವ ಸುಳಿವು ಅಷ್ಟೇ, ಅದೊಂದರಿಂದಲೇ ಎಚ್‌ಐವಿ ಇದೆ ಅಂತ ತೀರ್ಮಾನಿಸುವಂತಿಲ್ಲ. 2016ರಲ್ಲಿ ನನಗೂ ಇಂಥದ್ದೇ ರಿಪೋರ್ಟ್ ಬಂದಿತ್ತು. ನಾಲ್ಕು ಮಡಿಕೆ ಮಾಡಿ ಬಸ್ ಪಾಸಿನ ಕವರಿನೊಳಗೆ ತುರುಕಿಕೊಂಡು ಹನ್ನೊಂದು ದಿನ ಯಾರಿಗೂ ಹೇಳದೆ ಸುಮ್ನೆ ಓಡಾಡಿದೆ. ನೀವು ಹಾಗೆ ಮಾಡಬೇಡಿ.

ನಾಳೆಯೇ ದೊಡ್ಡ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ. ವಿಕ್ಟೋರಿಯಾದಲ್ಲೂ ಇದೆ, ಬೌರಿಂಗ್‌ನಲ್ಲೂ ಇದೆ. ದುಡ್ಡು ಕೊಡಬೇಕಾಗಿಲ್ಲ. ಆಪ್ತಸಮಾಲೋಚಕರು ಕೂರಿಸಿ ಮಾತಾಡಿಸುತ್ತಾರೆ, ನಿಮ್ಮ ಒಪ್ಪಿಗೆ ಪಡೆದು ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ರಿಯಾಕ್ಟಿವ್ ಬಂದರೆ ಬೇರೆ ಬಗೆಯ ಇನ್ನೆರಡು ಕಿಟ್‌ನಲ್ಲಿ ನೋಡುತ್ತಾರೆ. ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್. ನೆಗೆಟಿವ್ ಬಂದರೂ, ನಿಮಗೆ ಅನುಮಾನವಿರುವ ಸಂಪರ್ಕ ಇತ್ತೀಚಿನದಾಗಿದ್ದರೆ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ.

ಪಾಸಿಟಿವ್ ಆದರೆ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಸೆಂಟರಿಗೆ ಕಳಿಸುತ್ತಾರೆ. ಸಿಡಿ4 (ರೋಗನಿರೋಧಕ ಶಕ್ತಿಯ ರಕ್ತಕಣಗಳ ಎಣಿಕೆ), ಲಿವರ್, ಕಿಡ್ನಿ ಟೆಸ್ಟ್ ಆಗುತ್ತದೆ, ಟಿಬಿ ಇದೆಯಾ ಅಂತಲೂ ನೋಡುತ್ತಾರೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಔಷಧಿ ಕೊಡುತ್ತಾರೆ. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೆ ಒಂದು. ನನಗೆ ಮೊದಲು ಕೊಟ್ಟದ್ದರಲ್ಲಿ ಎಫಾವಿರೆಂಜ್ ಇತ್ತು. ನುಂಗಿ ಮಲಗಿದರೆ ಹಾಸಿಗೆಯೇ ತೂಗಿದ ಹಾಗಾಗುತ್ತಿತ್ತು, ರಾತ್ರಿಯೆಲ್ಲಾ ಕನಸು. ಟಿಎಲ್‌ಡಿಗೆ ಬದಲಾಯಿಸಿದ ಮೇಲೆ ಆ ಕಾಟ ಹೋಯಿತು. ಐರನ್, ಕ್ಯಾಲ್ಸಿಯಂ, ಆಂಟಾಸಿಡ್ ತಗೊಳ್ತಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ಅವು ಈ ಔಷಧಿ ಮೈಗೆ ಹತ್ತದಂತೆ ಮಾಡುತ್ತವೆ.

ಕಷ್ಟ ಇರುವುದು ಒಂದು ದಿನವೂ ತಪ್ಪಿಸದೆ ನುಂಗುವುದರಲ್ಲಿ. ಪ್ರತಿ ಸಲ ಹೋದಾಗ ನನ್ನ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುತ್ತಿದ್ದರು. ಮೊದಮೊದಲು ಕೋಪ ಬರುತ್ತಿತ್ತು. ಬಿಟ್ಟು ಬಿಟ್ಟು ನುಂಗಿದರೆ ವೈರಸ್ ಔಷಧಿಗೆ ಬಗ್ಗದ ಹಾಗೆ ಆಗಿಬಿಡುತ್ತದೆ ಅಂತ ಅಲ್ಲಿನ ಸಿಸ್ಟರ್ ಬಿಡಿಸಿ ಹೇಳಿದರು. ಆಮೇಲೆ ನಾನೇ ಮನೆಯಲ್ಲಿ ಎಣಿಸಿಕೊಂಡು ಹೋಗತೊಡಗಿದೆ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುತ್ತಾರೆ. ಅದು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ವೈರಸ್ ಪೂರ್ತಿ ಹೋಗಿರುವುದಿಲ್ಲ, ಆದ್ದರಿಂದ ಮಾತ್ರೆ ನಿಲ್ಲಿಸುವಂತಿಲ್ಲ. ನನ್ನ ಹೆಂಡತಿ ಇವತ್ತಿಗೂ ನೆಗೆಟಿವ್.

ಆಫೀಸಿನಲ್ಲಿ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ, ಅಲ್ವಾ? 2017ರ ಎಚ್‌ಐವಿ ಕಾಯ್ದೆ ಇದೆ. ನಿಮ್ಮ ರಿಪೋರ್ಟನ್ನು ಆಸ್ಪತ್ರೆಯವರು ನಿಮ್ಮ ಒಪ್ಪಿಗೆಯಿಲ್ಲದೆ ಆಫೀಸಿಗೆ ತಿಳಿಸುವಂತಿಲ್ಲ. ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.